ಆ 'ನಾನು' ನಾನಲ್ಲ ಕಣ್ರೀ!

"ಹತ್ತಕ್ಕೆ ಐದು."

ಚಾಪೆಲ್ ಎಂಬ ಪುಟ್ಟ ಚರ್ಚಿನ ಹಿಂದಿನ ಸಭಾಕೋಣೆಯಲ್ಲಿ ಕೂತವರೆಲ್ಲ ತೀರ್ಪುಗಾರನ ಕಡೆ ತಿರುಗಿದರು.

ಎಲೆರಿ ಪದ್ಯದ ಕಾಗದ ಹಿಡಿದು ನಿಂತೇ ಇದ್ದಳು. ಐದಾ?! ಪೆನ್‌ಗಾರ್ನ್ ತಂಡದ ಕವಿಗೆ, ಅದೂ ಪೆನ್‌ಗಾರ್ನ್‌ನಲ್ಲೇ, ಐದು ಅಂಕವಾ?

ಊರೂರಿನ ತಂಡಗಳು ಸೇರುವ ಕವಿಗಳ ಪಂದ್ಯಕ್ಕೆ ಈ ವರ್ಷ ಹೊಸ ತೀರ್ಪುಗಾರ ಬಂದಿದ್ದ. ಹೆಸರು ಟೆಗಿಡ್. ಗುಡ್ಡದಾಚೆಯ ಕಣಿವೆಯ ಹೈಸ್ಕೂಲಿನಲ್ಲಿ ವೆಲ್ಷ್ ಭಾಷೆಯ ಪಾಠ ಮಾಡುವವನು. ಮೊಣಕೈ ಸವೆದ ಸ್ವೆಟರ್, ಮೂಗಿನ ಮೇಲೆ ಜಾರುವ ಕನ್ನಡಕ. ನೋಡಿದರೆ ಇರುವೆಗೂ ನೋವು ಮಾಡದವನ ಹಾಗಿದ್ದ. ಬಾಯಿ ಬಿಟ್ಟಾಗಲೇ ಗೊತ್ತಾದದ್ದು!

"ಛಂದಸ್ಸು ಚೆನ್ನಾಗಿದೆ. ಪ್ರಾಸಾನೂ ಚೆನ್ನಾಗಿದೆ," ಎಂದ ಅವನು, ಕಾಗದದಿಂದ ಕಣ್ಣೆತ್ತದೆ. "ಆದ್ರೆ ಇದರಲ್ಲಿ ನಾನು, ನಾನು ಅಂತ ಮಾತಾಡ್ತಿರೋದು ಯಾರು? ನನಗಂತೂ ಯಾರೂ ಕಾಣಲಿಲ್ಲ. ಖಾಲಿ ಮನೇಲಿ ರೇಡಿಯೋ ಹಚ್ಚಿಟ್ಟು ಹೋದ ಹಾಗಿದೆ. ದನಿ ಇದೆ, ಮನುಷ್ಯರಿಲ್ಲ."

ಎಲೆರಿಯ ಕಿವಿ ಕೆಂಪಾಯಿತು. ಕೂಗಿಬಿಡಬೇಕು ಅನ್ನಿಸಿತು. ಆದರೆ ಏನೆಂದು ಕೂಗುವುದು? ಆ ಮಾತನ್ನು ಊರ ಮುಂದೆ ಹೇಳುವ ಹಾಗೇ ಇರಲಿಲ್ಲವಲ್ಲ!

ಅವಳ ಕಷ್ಟ ನಮ್ಮೂರಿನವರಿಗೆಲ್ಲ ಗೊತ್ತು. ಏಕೆಂದರೆ ಆ ಕಷ್ಟ ನಾವೇ.

ಎಲೆರಿ ಕಣ್ಣಿನ ಪರೀಕ್ಷೆ ಮಾಡಿ ಕನ್ನಡಕ ಕೊಡುವವಳು. ಪೇಟೆಬೀದಿಯಲ್ಲಿ ಅವಳದೇ ಅಂಗಡಿ. ಬಿಡುವಿನಲ್ಲಿ ಪದ್ಯ ಬರೆಯುತ್ತಾಳೆ. ಒಮ್ಮೆ, ಗಂಡನನ್ನು ಸಮುದ್ರಕ್ಕೆ ಕಳೆದುಕೊಂಡ ಹೆಂಗಸಿನ ದನಿಯಲ್ಲಿ ಒಂದು ಪದ್ಯ ಬರೆದಳು. ಮರುದಿನ ಬಾಗಿಲಲ್ಲಿ ಕುರಿಸಾರಿನ ಪಾತ್ರೆಗಳು ಸಾಲಾಗಿ ಕೂತಿದ್ದವು! "ಧೈರ್ಯ ತಂದ್ಕೊಳಮ್ಮ," ಎಂದು ಅಕ್ಕಪಕ್ಕದವರು ಕೈ ಹಿಡಿದರು. ಎಲೆರಿಗೆ ಮದುವೆಯೇ ಆಗಿರಲಿಲ್ಲ.

ಕುಡುಕನೊಬ್ಬನ ದನಿಯಲ್ಲಿ ಬರೆದಾಗ ಪಾದ್ರಿಗಳೇ ಮನೆಗೆ ಬಂದು, "ದೇವರು ಎಲ್ಲರನ್ನೂ ಕ್ಷಮಿಸ್ತಾನೆ, ಮಗಳೇ," ಎಂದು ಹೇಳಿ ಅಡುಗೆಮನೆಯ ಕಪಾಟಿನ ಮೇಲೆ ಒಮ್ಮೆ ಕಣ್ಣಾಡಿಸಿ ಹೋದರು. 'ನಿನ್ನನ್ನು ರೈಲು ನಿಲ್ದಾಣದಲ್ಲೇ ಬಿಟ್ಟುಬಂದೆ' ಎಂದು ಬರೆದಾಗ ಮಾಂಸದಂಗಡಿಯ ಗ್ವೆನ್ವರಮ್ಮ ಕತ್ತಿ ಕೆಳಗಿಟ್ಟು, "ನನ್ನ ಮಗನ್ನ ಬಿಟ್ಟಿದ್ದು ಸಾಲದು ಅಂತ ಮೇಲೊಂದು ಪದ್ಯ ಬೇರೆ!" ಎಂದಳು. ಆ ಮಗನ ಜೊತೆ ಎಲೆರಿ ಹೋಗಿದ್ದದ್ದು ಒಂದು ಸಿನಿಮಾಕ್ಕೆ. ಅದೂ ಬಸ್ಸಿನಲ್ಲಿ.

"ಆ 'ನಾನು' ನಾನಲ್ಲ ಕಣ್ರೀ!" ಎಂದು ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

ಆದರೆ ಈ ಸಲದ ಪದ್ಯ... ತಡವಾಗಿ ಮನೆಗೆ ಬಂದರೂ ಯಾಕೆ ತಡ ಎಂದು ಕೇಳುವವರಿಲ್ಲದ ಹೆಣ್ಣಿನ ಪದ್ಯ... ಅದರ 'ನಾನು' ಎಲೆರಿಯೇ. ಜೀವನದಲ್ಲಿ ಮೊದಲ ಬಾರಿ ಅವಳು ತನ್ನನ್ನೇ ಬರೆದಿದ್ದಳು.

ಸುಳ್ಳು ಬರೆದಾಗ ಊರೆಲ್ಲ ನಂಬಿತು. ನಿಜ ಬರೆದರೆ ಇವನೊಬ್ಬ ಬಂದು 'ಯಾರೂ ಇಲ್ಲ' ಅಂತಾನಲ್ಲ!

* * *

ಮುಂದಿನ ವಾರ ಅಂಗಡಿಯ ಬಾಗಿಲು ತೆರೆಯಿತು. ಮುರಿದ ಕನ್ನಡಕವನ್ನು ಅಂಗೈಯಲ್ಲಿ ಹಿಡಿದು ಟೆಗಿಡ್ ನಿಂತಿದ್ದ.

"ಇದರ ಮೇಲೆ ಕೂತುಬಿಟ್ಟೆ," ಎಂದ.

"ನೀವು ಕೂರೋ ಜಾಗ ನೋಡ್ಕೊಂಡು ಕೂರಲ್ಲ, ಆಡೋ ಮಾತು ನೋಡ್ಕೊಂಡು ಆಡಲ್ಲ. ಬನ್ನಿ ಒಳಗೆ."

ಪರೀಕ್ಷೆಯ ಕೋಣೆಯಲ್ಲಿ ಕತ್ತಲೆ. ಗೋಡೆಯ ಮೇಲೆ ಅಕ್ಷರಗಳು ಮಾತ್ರ ಬೆಳಗುತ್ತಿದ್ದವು.

"ಕೊನೇ ಸಾಲು ಓದಿ."

"ಎಚ್... ಎನ್... ಇದು ಪಿ ಇರಬೇಕು."

"ಇರಬೇಕು ಗಿರಬೇಕು ಬೇಡ. ಕಾಣ್ತಿದ್ಯೋ ಇಲ್ವೋ?"

"ನಿಮಗಿನ್ನೂ ಕೋಪ ಇಳಿದಿಲ್ಲ."

"ಗದ್ದ ಇಲ್ಲಿಡಿ. ಮಾತಾಡ್ಬೇಡಿ."

ಯಂತ್ರದ ಈ ಕಡೆಯಿಂದ ಅವಳು ಅವನ ಕಣ್ಣಿನೊಳಗೆ ಇಣುಕಿದಳು. ಬೂದುಬಣ್ಣದ ಕಣ್ಣು. ಇಷ್ಟು ಹತ್ತಿರದಿಂದ ನೋಡಿದಾಗ ಆ ಕಣ್ಣಲ್ಲಿ ತೀರ್ಪುಗಾರ ಇರಲಿಲ್ಲ. ಎಷ್ಟೋ ದಿನ ಸರಿಯಾಗಿ ನಿದ್ದೆ ಮಾಡದ ಒಬ್ಬ ಮನುಷ್ಯನಿದ್ದ. ಅವಳು ಯಾಕೋ ನೋಡಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಛೆ!

"ಆ ಪದ್ಯ ತಲೆಯಿಂದ ಹೋಗ್ತಾನೇ ಇಲ್ಲ," ಎಂದ ಅವನು ಗದ್ದ ಕದಲಿಸದೆ. "ಯಾಕೆ ತಡ ಅಂತ ಕೇಳೋರಿಲ್ಲ ಅನ್ನೋ ಸಾಲಿದ್ಯಲ್ಲ, ಅದೊಂದು ನಿಜ. ಉಳಿದದ್ದೆಲ್ಲ ಅದನ್ನ ಮುಚ್ಚೋಕೆ ಹೊದಿಸಿದ ಕಂಬಳಿ. ಅದು ಯಾರ ಸಾಲು? ಯಾರ ಹತ್ರ ಕೇಳಿ ಬರೆದ್ರಿ?"

"ಯಾರ ಹತ್ರಾನೂ ಅಲ್ಲ! ಅದು ನಾನೇ!"

ಮಾತು ಬಾಯಿಂದ ಹೊರಬಿದ್ದಾಗಿತ್ತು.

"...ಹಾಗಾದ್ರೆ ನಾನೊಬ್ಬ ದೊಡ್ಡ ಕತ್ತೆ," ಎಂದ ಟೆಗಿಡ್, ಮೆಲ್ಲಗೆ.

"ಅದು ಕಣ್ಣು ಪರೀಕ್ಷೆ ಮಾಡದೇನೇ ಗೊತ್ತಾಗತ್ತೆ."

ಅವನು ನಕ್ಕ. ಅವಳಿಗೂ ನಗು ಬಂತು. ತಡೆದುಕೊಂಡಳು, ಆಗಲಿಲ್ಲ.

"ಆದ್ರೂ ಒಂದು ಮಾತು," ಎಂದ. "ಊರವರು ನಂಬಿಬಿಟ್ರೆ ಅಂತ ಹೆದರಿ ಬರೆದಿದ್ದೀರಿ. ಅದಕ್ಕೇ ನಿಮ್ಮ ದನಿ ನನಗೆ ಕೇಳಲಿಲ್ಲ."

ಅವಳಿಗೆ ಸಿಟ್ಟು ಬಂತು. ಯಾಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು.

* * *

ಹೊಸ ಕನ್ನಡಕ ಬಂದ ಮೇಲೂ ಟೆಗಿಡ್ ಬರುತ್ತಲೇ ಇದ್ದ. ಒಮ್ಮೆ ಕಿವಿಯ ಹತ್ತಿರ ಒತ್ತುತ್ತದೆ ಎಂದು, ಇನ್ನೊಮ್ಮೆ ಸಡಿಲವಾಗಿದೆ ಎಂದು. ಕೊನೆಗೆ ನೆಪ ಮುಗಿದಾಗ, "ಸಮುದ್ರದ ಕಡೆ ನಡೆದು ಬರೋಣ್ವಾ?" ಎಂದ.

ಶನಿವಾರಗಳಲ್ಲಿ ಇಬ್ಬರೂ ದಡದುದ್ದ ನಡೆದರು. ಗಾಳಿಗೆ ಎದುರಾಗಿ ಕೂಗಿ ಕೂಗಿ ಮಾತಾಡಿದರು. ಮಾತಿಗಿಂತ ಜಗಳವೇ ಹೆಚ್ಚು.

"ಪದ್ಯದ 'ನಾನು' ಅನ್ನೋದು ಬಾಡಿಗೆ ಕೋಟು," ಎನ್ನುತ್ತಿದ್ದಳು ಎಲೆರಿ. "ಯಾರು ಬೇಕಾದ್ರೂ ತೊಟ್ಕೋಬಹುದು. ಒಳಗಿರೋದು ಕವೀನೇ ಅಂದ್ಕೊಳ್ಳೋದು ಮೂರ್ಖತನ."

"ಕೋಟಿನ ಒಳಗೆ ಮೈಬಿಸಿ ಇರಬೇಕಲ್ವಾ? ಯಾರದ್ದಾದ್ರೂ?"

"ಯಾರದ್ದು ಅಂತ ಕೇಳೋ ಹಕ್ಕು ನಿಮಗಿಲ್ಲ!"

"ಸರಿ, ಕೇಳಲ್ಲ."

ಅವನು ಹೀಗೆ ಸುಮ್ಮನಾದಾಗಲೇ ಅವಳಿಗೆ ಹೆಚ್ಚು ರೇಗುತ್ತಿತ್ತು. ಅವನು ಎಲ್ಲರ ಪದ್ಯದ ಬಗ್ಗೆ ಮಾತಾಡುವನು, ತನ್ನ ಬಗ್ಗೆ ಒಂದಕ್ಷರ ಇಲ್ಲ. ನಾಲ್ಕು ಗಂಟೆ ಹತ್ತಿರವಾದರೆ ಸಾಕು, ಗಡಿಯಾರ ನೋಡಿಕೊಂಡು, "ನಾನು ಹೊರಡ್ಬೇಕು, ಮನೇಲಿ ಕಾಯ್ತಿರ್ತಾರೆ," ಎಂದು ಹೊರಟೇಬಿಡುವನು.

'ಯಾರು ಕಾಯ್ತಿರ್ತಾರೆ?' ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. 'ಕೇಳೋಕೆ ನಾನ್ಯಾರು? ಇನ್ನೂ ನೀವು, ನೀವು ಅಂತಲೇ ಮಾತಾಡ್ತಿದ್ದೀವಿ...'

ಒಮ್ಮೆ ಪಾಚಿಕಟ್ಟಿದ ಬಂಡೆಯ ಮೇಲೆ ಅವಳ ಕಾಲು ಜಾರಿತು. ಅವನು ಕೈ ಹಿಡಿದ. ಬಂಡೆ ದಾಟಿದ ಮೇಲೂ ಬಿಡಲಿಲ್ಲ. ದಡಕ್ಕೆ ಎಳೆದಿಟ್ಟ ದೋಣಿಗಳವರೆಗೂ ಇಬ್ಬರೂ ಕೈ ಹಿಡಿದೇ ನಡೆದರು. ಆ ದಿನ ಮಾತ್ರ ಜಗಳವಿರಲಿಲ್ಲ.

* * *

ಮೇ ತಿಂಗಳಲ್ಲಿ ಊರಿನ ಐಸ್ಟೆಡ್ವಡ್ ಬಂತು. ಹಾಡು, ಪದ್ಯಗಳ ಆ ಸ್ಪರ್ಧೆಗೆ ಸುತ್ತಲಿನ ಕಣಿವೆಗಳೆಲ್ಲ ಬಂದು ಸೇರುತ್ತವೆ. ಎಲ್ಲಕ್ಕಿಂತ ದೊಡ್ಡ ಬಹುಮಾನ ಕವಿಯ ಕುರ್ಚಿ, ಗೆದ್ದವರು ಅದನ್ನು ಮನೆಗೇ ಒಯ್ಯಬಹುದು. ಪದ್ಯ ಕಳಿಸುವವರು ತಮ್ಮ ಹೆಸರು ಹಾಕುವಂತಿಲ್ಲ, ಸುಳ್ಳು ಹೆಸರೊಂದನ್ನು ಹಾಕಬೇಕು. ಗೆದ್ದ ಪದ್ಯವನ್ನು ವೇದಿಕೆಯಲ್ಲಿ ಓದುತ್ತಾರೆ, ಕಹಳೆ ಊದುತ್ತಾರೆ. ಆಗ ಜನರ ನಡುವಿನಿಂದ ಕವಿ ಎದ್ದು ನಿಲ್ಲಬೇಕು.

ಸ್ಪರ್ಧೆ ನಡೆಯುವ ದೊಡ್ಡ ಡೇರೆಯಲ್ಲಿ ಒದ್ದೆ ಹುಲ್ಲಿನ ವಾಸನೆ. ಎಲೆರಿ ಅಮ್ಮನ ಪಕ್ಕ ಕೂತಿದ್ದಳು.

"ಈ ವರ್ಷದ ಕುರ್ಚಿ 'ಮೂಕ ಗಂಟೆ' ಎಂಬ ಹೆಸರಿನವರಿಗೆ," ಎಂದು ಹೇಳಿ ಬಿಳಿಕೂದಲಿನ ತೀರ್ಪುಗಾರ್ತಿ ಓದತೊಡಗಿದಳು.

ನಿನ್ನ ಹೆಸರು ನನ್ನ ಬಾಯಲ್ಲಿ ಉಪ್ಪಿನ ಹರಳು.
ಒಳಗೇ ಕರಗುತ್ತದೆ, ಹೊರಗೆ ಬರುವುದಿಲ್ಲ.
ದಿಂಬು ಸರಿಮಾಡಿ ನೀನು ದೀಪ ಆರಿಸುವಾಗ
ಕತ್ತಲಲ್ಲಿ ನಿನ್ನನ್ನೇ ಕರೆಯುತ್ತಿರುತ್ತೇನೆ.

ಎಲೆರಿಯ ಕಣ್ಣು ಒದ್ದೆಯಾಯಿತು. 'ಅಬ್ಬಾ... ಇಷ್ಟು ಪ್ರೀತಿಸುವವನು ಯಾರು? ಆ ಹೆಂಡತಿ ಪುಣ್ಯವಂತೆ!'

ಕಹಳೆ ಮೊಳಗಿತು. ಎದ್ದು ನಿಂತವನು... ಟೆಗಿಡ್!

ಡೇರೆಯೆಲ್ಲ ಚಪ್ಪಾಳೆ. ಎಲೆರಿಯ ಕೈ ಮಾತ್ರ ಮಡಿಲಲ್ಲೇ ಉಳಿಯಿತು.

ದಿಂಬು... ದೀಪ... ಕತ್ತಲು... ಮನೆಯಲ್ಲಿ ಕಾಯುವವರು... ನಾಲ್ಕು ಗಂಟೆ!

'ಹೆಂಡತಿ ಇದ್ದಾಳೆ. ಹೆಂಡತಿ ಇಟ್ಕೊಂಡು ನನ್ನ ಕೈ ಹಿಡಿದ!'

ಅವಳು ಎದ್ದು, ಜನರ ಮೊಣಕಾಲುಗಳನ್ನು ತಳ್ಳಿಕೊಂಡು ಹೊರಗೆ ಓಡಿದಳು. ಕಾರುಗಳು ನಿಂತಿದ್ದ ಕೆಸರು ಹೊಲದಲ್ಲಿ ಟೆಗಿಡ್ ಓಡಿಬಂದು ಅವಳನ್ನು ತಡೆದ. ಗೆದ್ದ ಕವಿ ಎಂದು ಅವನಿಗೆ ಹೊದಿಸಿದ್ದ ನೇರಳೆ ನಿಲುವಂಗಿಯ ಅಂಚು ಕೆಸರಲ್ಲಿ ಎಳೆಯುತ್ತಿತ್ತು.

"ಎಲೆರಿ! ಎಲ್ಲಿಗೆ ಹೊರಟ್ರಿ? ನಿಮಗೆ ಇಷ್ಟ ಆಗ್ಲಿಲ್ವಾ?"

"ತುಂಬಾ ಇಷ್ಟ ಆಯ್ತು! ನಿಮ್ಮ ಹೆಂಡತಿಗೂ ನನ್ನ ಅಭಿನಂದನೆ ತಿಳಿಸಿ!"

"ಹೆಂಡತೀನಾ?" ಅವನ ಬಾಯಿ ತೆರೆದೇ ಇತ್ತು. "ಯಾವ ಹೆಂಡತಿ?"

"ದಿಂಬು ಸರಿಮಾಡೋ ಹೆಂಡತಿ! ನಾನು, ನಾನು ಅಂತ ಅಷ್ಟು ಸ್ಪಷ್ಟವಾಗಿ ಬರೆದಿದ್ದೀರಲ್ಲ!"

ಟೆಗಿಡ್ ಅವಳನ್ನೇ ನೋಡಿದ. ಮೊದಲು ಆಶ್ಚರ್ಯ. ಆಮೇಲೆ ಅವನ ಮುಖದಲ್ಲಿ ಅವಳು ಎಂದೂ ಕಾಣದ ಸಿಟ್ಟು.

"ನೀವೂನಾ? ಇಡೀ ಊರಿನಲ್ಲಿ ನೀವೂನಾ, ಎಲೆರಿ?!"

"ಹಾಗಾದ್ರೆ ಅದು ಯಾರು? ಹೇಳಿ!"

ಅವನು ಡೇರೆಯ ಕಡೆ ತಿರುಗಿ ನೋಡಿದ. "ಹೇಳೋಕಾಗಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

"ಅದನ್ನೂ ಹೇಳೋಕಾಗಲ್ಲ."

"ಹೋಗ್ರೀ!" ಎಂದು ಕೂಗಿ ಅವಳು ಕಾರಿನ ಬಾಗಿಲು ಹಾಕಿಕೊಂಡಳು. ಚಕ್ರ ಕೆಸರಲ್ಲಿ ಸಿಕ್ಕಿತು. ಅವನೇ ಬಂದು ಹಿಂದಿನಿಂದ ತಳ್ಳಿದ. ಆ ಅವಮಾನ ಬೇರೆ!

* * *

ಶನಿವಾರಗಳು ಬಂದವು, ಹೋದವು. ಟೆಗಿಡ್ ಬರಲಿಲ್ಲ. ಎಲೆರಿ ಗಿರಾಕಿಗಳ ಮೇಲೆ ಹರಿಹಾಯ್ದಳು. ಬ್ರೆಡ್ಡು ಸುಟ್ಟಳು. ಪದ್ಯ ಬರೆಯಲು ಕೂತರೆ 'ನಾನು' ಎಂಬ ಪದವೇ ಮುಂದೆ ಹೋಗದೆ ನಿಂತುಬಿಡುತ್ತಿತ್ತು.

ಅವಳಮ್ಮ ಮೆನ್ನಾ ಒಂದು ಭಾನುವಾರ ಊಟದ ತಟ್ಟೆಗಳನ್ನು ಸದ್ದಾಗುವ ಹಾಗೆ ಇಟ್ಟಳು.

"ಸಾಕು ನಿನ್ನ ಮುಖ! ನಿನ್ನ ಪದ್ಯದಲ್ಲಿ ಮುಳುಗಿಹೋದ ಆ ಅಳಿಯನಿಗಾಗಿ ನಾನು ವಾರಗಟ್ಟಲೆ ಅತ್ತಿದ್ದೀನಿ. ಆಮೇಲೆ ನೀನೇನಂದೆ? ಅಂಥವನು ಹುಟ್ಟೇ ಇಲ್ಲ ಅಂದೆ. ಪದ್ಯ ಓದೋಕೆ ಬರಲ್ಲ ನಿನಗೆ ಅಂತ ನನ್ನನ್ನ ಬೈದೆ. ಈಗ ನೀನು ಯಾರೋ ಇಲ್ಲದ ಹೆಂಡತಿಗಾಗಿ ಅಳ್ತಾ ಕೂತಿದ್ದೀಯ!"

"ಇಲ್ಲದವಳು ಅಂತ ನಿನಗೆ ಹೇಗಮ್ಮಾ ಗೊತ್ತು?"

"ಇದ್ದಾಳೆ ಅಂತ ನಿನಗೆ ಹೇಗೆ ಗೊತ್ತು? ಪದ್ಯ ಹೇಳ್ತಾ? ಹೋಗಿ ಕೇಳು! ಮನುಷ್ಯರನ್ನ ಕೇಳು!"

ಎಲೆರಿ ತಟ್ಟೆ ಸರಿಸಿ ಎದ್ದಳು. ಕಾರಿನ ಕೀ ತೆಗೆದುಕೊಂಡಳು.

* * *

ಗುಡ್ಡದಾಚೆಯ ಮನೆಯ ಬಾಗಿಲು ತೆರೆದದ್ದು ಒಬ್ಬ ಪುಟ್ಟ ಮುದುಕಿ. ಕೈತುಂಬ ಹಿಟ್ಟು.

"ಟೆಗಿಡ್ ಅವರು... ಅವರ ಹೆಂಡತಿ ಇದ್ದಾರಾ?" ಎಲೆರಿ ಒಂದೇ ಉಸಿರಿನಲ್ಲಿ ಕೇಳಿಬಿಟ್ಟಳು.

"ಹೆಂಡತೀನಾ? ಅವನಿಗಾ?" ಮುದುಕಿ ಹುಬ್ಬೇರಿಸಿದಳು. "ಇದ್ದಿದ್ರೆ ನನಗೂ ಒಂದು ಮಾತು ಹೇಳ್ತಿದ್ದ ಅನ್ಸತ್ತೆ. ನಾನು ಅವನ ತಾಯಿ, ಓಲ್ವೆನ್. ನೀವು ಕನ್ನಡಕದವರಲ್ವಾ? ಅಂತೂ ಬಂದ್ರಿ! ಒಳಗೆ ಬನ್ನಿ, ಬನ್ನಿ."

ಕಿಟಕಿಯ ಹತ್ತಿರ ಓಕ್ ಮರದ ಕುರ್ಚಿಯಿತ್ತು. ಐಸ್ಟೆಡ್ವಡ್‌ನಲ್ಲಿ ಗೆದ್ದ ಕುರ್ಚಿ. ಅದರಲ್ಲಿ ಕೂತಿದ್ದವನು ಟೆಗಿಡ್ ಅಲ್ಲ. ಅಗಲ ಭುಜಗಳ ಒಬ್ಬ ಮುದುಕ. ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ತುಟಿ ಒಂದು ಕಡೆಗೆ ಎಳೆದಿತ್ತು.

"ಇವರು ನಮ್ಮ ಯಜಮಾನ್ರು, ಇದ್ವಲ್. ಈ ಕಣಿವೆಯ ಚಾಪೆಲಿನಲ್ಲಿ ಹಾಡು ಎತ್ತಿಕೊಡ್ತಿದ್ದವರು. ಎರಡು ಚಳಿಗಾಲದ ಹಿಂದೆ ಲಕ್ವ ಹೊಡೀತು. ಅವತ್ತಿಂದ ಒಂದು ಮಾತಿಲ್ಲ. ಒಳಗೆಲ್ಲ ಗೊತ್ತಾಗತ್ತೆ, ಹೊರಗೆ ಬರಲ್ಲ."

ಒಳಗೇ ಕರಗುತ್ತದೆ, ಹೊರಗೆ ಬರುವುದಿಲ್ಲ...

"ಆ ಪದ್ಯದ 'ನಾನು'... ಇವರಾ?" ಎಂದಳು ಎಲೆರಿ.

"ನನಗೂ ಗೊತ್ತಿರಲಿಲ್ಲ ಕಣಮ್ಮ," ಎಂದಳು ಓಲ್ವೆನ್. ದನಿ ಗದರುವಂತಿತ್ತು, ಕಣ್ಣು ಮಾತ್ರ ತುಂಬಿತ್ತು. "ದಿನಾ ನಾಲ್ಕು ಗಂಟೆಗೆ ನಾನು ಅಂಗಡಿಗೆ ಅಂತ ಹೊರಗೆ ಹೋದ್ರೆ ಅಪ್ಪ ಮಗ ಬಾಗಿಲು ಹಾಕ್ಕೊಳ್ತಿದ್ರು. ಮಗ ಒಂದೊಂದೇ ಸಾಲು ಹೇಳೋನಂತೆ. ಇವರು ಒಪ್ಪಿಗೆ ಆದ್ರೆ ಕಣ್ಣು ಮುಚ್ಚೋದು, ಇಲ್ಲಾಂದ್ರೆ ಅಡ್ಡಡ್ಡ ತಲೆ ಆಡಿಸೋದು. ಯಾರಿಗೂ ಹೇಳ್ಕೂಡದು ಅಂತ ಇವರ ಹಟ. ಆ ಪದ್ಯ ಡೇರೇಲಿ ಓದಿದ್ರಲ್ಲ, ದಿಂಬಿನ ಸಾಲು ಬಂದ ತಕ್ಷಣ ನನಗೆ ತಿಳೀತು. ಈ ಮನೇಲಿ ದಿಂಬು ಸರಿಮಾಡೋದು ನಾನೊಬ್ಬಳೇ!"

ಅವಳು ಗಂಡನ ಕಡೆ ತಿರುಗಿದಳು.

"ಬಾಯಿದ್ದಾಗ ಈ ಮನುಷ್ಯ ನನಗೆ ಆಡಿದ ದೊಡ್ಡ ಪ್ರೀತಿಯ ಮಾತು ಅಂದ್ರೆ 'ಟೀ ಪರವಾಗಿಲ್ಲ, ಓಲ್ವೆನ್' ಅಂತ. ಈಗ ನೋಡಿ! ಕುರ್ಚಿ ಬೇರೆ ಗೆದ್ದಿದ್ದಾರೆ!"

ಇದ್ವಲ್‌ನ ಭುಜ ಕುಲುಕಿತು. ಸದ್ದಿಲ್ಲದ ನಗು. ಹೆಂಡತಿಯ ಹಿಟ್ಟಿನ ಕೈಯನ್ನು ಅವನು ತನ್ನ ಎಡಗೈಯಿಂದ ಹಿಡಿದುಕೊಂಡ.

ಎಲೆರಿಗೆ ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋಗುವ ಹಾಗಾಯಿತು. 'ಜಗತ್ತಿಗೆಲ್ಲ ಬಾಡಿಗೆ ಕೋಟಿನ ಪಾಠ ಹೇಳಿದವಳು ನಾನು. ಇಷ್ಟು ಬಿಸಿಯಾದ ಕೋಟು ಎದುರಿಗೆ ಬಂದಾಗ ಒಳಗಿರೋದು ಯಾರು ಅಂತ ನೋಡಲೇ ಇಲ್ಲ...'

"ನಿಮ್ಮ ಮಗನಿಗೆ ನಾನು ತುಂಬಾ ಅನ್ಯಾಯ ಮಾಡಿದೆ," ಎಂದಳು, ಕಣ್ಣೊರೆಸಿಕೊಳ್ಳುತ್ತ.

ಇದ್ವಲ್ ಅಸಹನೆಯಿಂದ ತಲೆ ಆಡಿಸಿದ. ಎಡಗೈ ಎತ್ತಿ ಹಿತ್ತಲಿನ ಬಾಗಿಲನ್ನು ತೋರಿಸಿದ. ಅವಳು ನಿಂತೇ ಇದ್ದುದನ್ನು ಕಂಡು ಊರುಗೋಲನ್ನು ನೆಲಕ್ಕೆ ಕುಟ್ಟಿದ.

"ಇಲ್ಲಿ ನಿಂತು ಅಳ್ಬೇಡಿ, ಅವನ ಹತ್ರ ಹೋಗಿ ಅಂತಿದ್ದಾರೆ," ಎಂದಳು ಓಲ್ವೆನ್. "ಅದಕ್ಕೆ ಪದ್ಯ ಬೇಕಾಗಿಲ್ಲ, ನನಗೇ ಅರ್ಥ ಆಗತ್ತೆ."

* * *

ಹಿತ್ತಲಿನಲ್ಲಿ ಗಾಳಿ ಜೋರಾಗಿತ್ತು. ಟೆಗಿಡ್ ತಂತಿಯ ಮೇಲೆ ಹಾಸಿಗೆಯ ಬಟ್ಟೆ ಹರವಲು ಒದ್ದಾಡುತ್ತಿದ್ದ. ಒದ್ದೆ ಬಟ್ಟೆ ಅವನ ಮುಖಕ್ಕೇ ಸುತ್ತಿಕೊಂಡಿತ್ತು. ಎಲೆರಿ ಇನ್ನೊಂದು ತುದಿ ಹಿಡಿದಳು. ಬಟ್ಟೆ ಸರಿದಾಗ ಎದುರಿಗೆ ಅವಳಿದ್ದಳು.

"ನಾನು ಮೂರ್ಖಳು," ಎಂದಳು ಅವಳು.

"ಹೌದು," ಎಂದ ಅವನು.

"ಇಲ್ಲ ಅಂತ ಒಂದು ಮಾತಿಗಾದ್ರೂ ಹೇಳ್ಬಾರ್ದಾ!"

"ನೀವೇ ಅಷ್ಟು ಸ್ಪಷ್ಟವಾಗಿ 'ನಾನು' ಅಂದ್ರಲ್ಲ."

ಅವಳು ಕೈಗೆ ಸಿಕ್ಕ ಬಟ್ಟೆಯ ಕ್ಲಿಪ್ಪು ಅವನತ್ತ ಎಸೆದಳು. ಅವನ ತುಟಿಯಲ್ಲಿ ನಗುವಿನ ಎಳೆ ಬಂತು, ಹೋಯಿತು.

"ಅಮ್ಮನಿಗೆ ಗೊತ್ತಾದ ದಿನಾನೇ ಬಂದು ಹೇಳಬಹುದಿತ್ತು," ಎಂದ. "ಬರಲಿಲ್ಲ. ಯಾಕೆ ಗೊತ್ತಾ? ಬಂದ್ರೆ ಅಪ್ಪನ ವಿಷಯ ಹೇಳಿ ಮುಗಿಯತ್ತೆ. ಆಮೇಲೆ ನನ್ನ ವಿಷಯ ಹೇಳ್ಬೇಕಲ್ಲ? ಅದು ನನಗೆ ಬರಲ್ಲ. ಅಪ್ಪನ ದನಿಯಲ್ಲಿ ಬರೀತೀನಿ, ಮಕ್ಕಳಿಗೆ ಸತ್ತ ಕವಿಗಳ ದನಿಯಲ್ಲಿ ಓದಿ ಹೇಳ್ತೀನಿ, ಪಂದ್ಯದಲ್ಲಿ ಇನ್ನೊಬ್ಬರ ದನಿ ಅಳೀತೀನಿ. ನಾನು ಅಂತ ಶುರು ಮಾಡಿ ನನ್ನದೇ ಒಂದು ಮಾತು ಆಡಿ ಎಷ್ಟು ಕಾಲ ಆಯ್ತೋ..."

"ಈಗ ಆಡಿ."

"ಅಪ್ಪನಿಗೆ ಸಾಲು ಹೇಳೋದು ಸುಲಭ. ತಪ್ಪಾದ್ರೆ ಅವರು ತಲೆ ಆಡಿಸ್ತಾರೆ. ನನ್ನ ಸಾಲು ತಪ್ಪಾದ್ರೆ?"

"ದೇವರೇ!" ಎಲೆರಿ ಆಕಾಶ ನೋಡಿದಳು. "ತಲೆ ಆಡಿಸೋಕೆ ನಾನಿಲ್ವಾ? ಹೇಳ್ರೀ! ಈ ಬಟ್ಟೆ ಒಣಗೋದ್ರೊಳಗೆ ಹೇಳಿ!"

ಟೆಗಿಡ್ ಕನ್ನಡಕ ತೆಗೆದ. ಅದರ ಮೇಲೆ ನೀರಿನ ಹನಿಗಳಿದ್ದವು. ಒರೆಸಲು ಹೋಗಿ, ಬಿಟ್ಟ.

"ನಾನು... ಅಪ್ಪ ಅಲ್ಲ, ಪದ್ಯದಲ್ಲಿ ಬರೋ ಯಾರೋ ಅಲ್ಲ... ನಾನು, ಟೆಗಿಡ್... ನಿನ್ನನ್ನ ಪ್ರೀತಿಸ್ತೀನಿ, ಎಲೆರಿ."

ಅವಳು ತಲೆ ಆಡಿಸಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿದ್ದರೂ ಕತ್ತನ್ನು ಒಂದಿಷ್ಟೂ ಕದಲಿಸದೆ ನಿಂತಳು. ಎಲ್ಲಿ ಅವನು ತಪ್ಪು ತಿಳಿಯುತ್ತಾನೋ ಎಂಬ ಹೆದರಿಕೆ ಅವಳಿಗೆ!

"ಇದೇನು," ಎಂದಳು ಕೊನೆಗೆ, ಬಿಕ್ಕುತ್ತ. "ಇಷ್ಟು ದಿನ ನೀವು ಅಂತಿದ್ದೋರು, ಈಗ ನೀನು ಅಂದ್ರಿ?"

ಅವನ ಮುಖ ಕಳೆಗುಂದಿತು. "ತಪ್ಪಾಯ್ತಾ?"

ಎಲೆರಿ ತಂತಿಯ ಕೆಳಗೆ ನುಸುಳಿ, ಈ ಕಡೆಗೆ ಬಂದು, ಅವನ ಒದ್ದೆ ಕೈ ಎರಡನ್ನೂ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳು," ಎಂದಳು.